ಕಿಟಕಿ ಸೀಟಿಗೆ ತಾತನ ಟವಲ್

"ತಾತಾ, ಬೇಡ! ನಮ್ ಸೀಟಿಗೆ ನಂಬರ್ ಇದೆ!"

ಮೋನಿಕಾ ಕೂಗುವಷ್ಟರಲ್ಲಿ ಟವಲ್ ಹಾರಿಯಾಗಿತ್ತು. ಯಲಹಂಕ ಸ್ಟೇಷನ್ನಿನಲ್ಲಿ ನಿಂತಿದ್ದ ರೈಲಿನ ಬಾಗಿಲಲ್ಲಿ ನಾಲ್ಕು ಜನ ಕಂಡದ್ದೇ ತಡ, ಮುನಿಕೃಷ್ಣಪ್ಪ ತಾತ ಹೆಗಲ ಮೇಲಿನ ಕೆಂಪು ಟವಲ್ಲನ್ನು ಉಂಡೆ ಮಾಡಿ ಕಿಟಕಿಯ ಕಂಬಿಗಳ ನಡುವೆ ಒಳಕ್ಕೆ ಎಸೆದುಬಿಟ್ಟಿದ್ದ. ಎಪ್ಪತ್ತೆರಡಾದರೂ ಗುರಿ ತಪ್ಪಲಿಲ್ಲ.

"ನೋಡ್ದಾ? ಕಿಟ್ಕಿ ಸೀಟು ನಮ್ದೇ," ಎಂದು ಮೀಸೆ ತಿರುವಿದ.

ಇದೇನು ಮಾಮೂಲಿ ರೈಲಲ್ಲ. ಹಳೇ ಕಲ್ಲಿನ ಸ್ಟೇಷನ್‌ಗಳನ್ನೆಲ್ಲ ತೋರಿಸುತ್ತಾ ನಂದಿ ಬೆಟ್ಟದ ಬುಡದವರೆಗೆ ಕರೆದುಕೊಂಡು ಹೋಗುವ ಹೆರಿಟೇಜ್ ರೈಲು. ಅಪ್ಪ ತಿಂಗಳ ಹಿಂದೆಯೇ ಎರಡು ಸೀಟು ಬುಕ್ ಮಾಡಿದ್ದ. ಅದರಲ್ಲೊಂದು ಕಿಟಕಿ ಪಕ್ಕದ್ದು. ರೈಲಿನಿಂದ ಬೆಟ್ಟವನ್ನು ಎಲ್ಲರಿಗಿಂತ ಮೊದಲು ತಾನೇ ನೋಡಬೇಕೆಂದು ಮೋನಿಕಾ ಅವತ್ತಿನಿಂದ ಕಾಯುತ್ತಿದ್ದಳು.

"ಸರಿ, ಟಿಕೆಟ್ ಕೊಡು. ಬಾಗಿಲಲ್ಲಿ ಕೇಳ್ತಿದಾರೆ."

ತಾತ ಹೆಗಲು ಮುಟ್ಟಿಕೊಂಡ. ಮೀಸೆ ಇಳಿಯಿತು. "ಟವಲ್ ತುದೀಲಿ ಗಂಟು ಆಕಿದ್ನಲ್ಲಮ್ಮ... ಜೋಪಾನವಾಗಿರ್ಲಿ ಅಂತ!"

ಟಿಕೆಟ್ ರೈಲಿನ ಒಳಗೆ, ಅವರಿಬ್ಬರು ಹೊರಗೆ. ಎಂಥ ಜೋಪಾನ!

ಅಷ್ಟರಲ್ಲಿ ಅದೇ ಕಿಟಕಿಯ ಕಂಬಿಗೆ ಒಂದು ಮುಖ ಅಂಟಿಕೊಂಡಿತು. ತಲೆ ಮೇಲೆ ಕೆಂಪು ಟವಲ್, ಬಾಯಲ್ಲಿ ಎಗ್ ಪಫ್. ಮೋನಿಕಾಳ ಕ್ಲಾಸಿನ ಬಾಯಿಬಡುಕ ನದೀಮ್! ಬೇರೆ ಯಾರೂ ಸಿಗಲಿಲ್ಲವೇ ದೇವರೇ ಎಂದುಕೊಂಡಳು.

"ಓಹೋ ಮೋನಿಕಾ! ನನ್ನನ್ನೇ ರಿಸರ್ವ್ ಮಾಡ್ಬಿಟ್ಯಾ?"

ಪ್ಲಾಟ್‌ಫಾರ್ಮಿನಲ್ಲಿದ್ದವರೆಲ್ಲ ನಕ್ಕರು. ನದೀಮ್ ಟವಲ್ ವಾಪಸ್ ತೂರಿಸಿದ. ತಾತ ಹಲ್ಲಿನಲ್ಲಿ ಕಚ್ಚಿ ಗಂಟು ಬಿಚ್ಚಿದ. ಒಳಗೆ ಎರಡು ವೀಳ್ಯದೆಲೆ, ಒಂದು ಚೂರು ಅಡಿಕೆ, ಅವುಗಳ ಕೆಳಗೆ ಮುದುಡಿದ ಟಿಕೆಟ್. ಟಿಕೆಟ್ ನೋಡುವ ಅಂಕಲ್ ಅದರ ಜೊತೆಗೇ ಕೈಗೆ ಬಂದ ಅಡಿಕೆಯನ್ನು ಮರ್ಯಾದೆಯಿಂದ ವಾಪಸ್ ಕೊಟ್ಟರು.

ಅವರ ನಿಜವಾದ ಸೀಟು ಪಕ್ಕದ ಬೋಗಿಯಲ್ಲಿತ್ತು. ಮೋನಿಕಾ ಕಿಟಕಿ ಪಕ್ಕ ಮುಖ ಊದಿಸಿಕೊಂಡು ಕೂತಳು.

"ಇನ್ಮೇಲೆ ಆ ಟವಲ್ ತರ್ಬೇಡ. ಸೋಮವಾರ ಇಡೀ ಕ್ಲಾಸು ನನ್ನ ಆಡ್ಕೊಳ್ಳುತ್ತೆ."

"ಆಯ್ತು ಕಣಮ್ಮ," ಎಂದು ತಾತ ಟವಲ್ಲನ್ನು ಮಡಚಿ ತೊಡೆಯ ಕೆಳಗೆ ಬಚ್ಚಿಟ್ಟುಕೊಂಡ.

ರೈಲು ಹೊರಟಿತು. ಲೇಔಟುಗಳು ಹಿಂದೆ ಸರಿದವು, ದ್ರಾಕ್ಷಿ ತೋಟಗಳು ಬಂದವು. ತಾತ ಅವಳ ತಲೆಯ ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ ಇಣುಕುತ್ತಲೇ ಇದ್ದ.

"ಬೆಟ್ಟ ಕಂಡ್ರೆ ನಂಗೊಂದ್ಮಾತು ಏಳಮ್ಮ."

"ನೀನು ಈ ದಾರೀಲಿ ರೈಲಲ್ಲಿ ಎಷ್ಟೋ ಸಲ ಹೋಗಿದೀಯಲ್ಲ ತಾತ? ನೋಡಿಲ್ವಾ?"

"ಓಗಿದೀನಿ. ಮೊದ್ಲು ನಮ್ಮವ್ವಂಗೆ ಟವಲ್ ಆಕ್ತಿದ್ದೆ, ಅವಳಿಗೆ ಗಾಳಿ ಇಲ್ದಿದ್ರೆ ವಾಂತಿ. ಆಮೇಲೆ ನಿಮ್ಮಜ್ಜಿಗೆ. ಆಮೇಲೆ ನಿಮ್ಮಪ್ಪಂಗೆ. ಕಿಟ್ಕಿ ಸಿಗ್ದಿದ್ರೆ ಬೋಗಿ ಕಿತ್ತೋಗಂಗೆ ಅಳೋನು!"

"ಮತ್ತೆ ನೀನು?"

"ನಾನಾ? ಮಧ್ಯದಲ್ಲಿ ಎಲ್ಲೋ, ಮೂಟೆ ಮೇಲೆ. ನಂಗೆ ಬರೀ ಜನಗಳ ಬೆನ್ನೇ ಕಾಣೋದು," ಎಂದು ತಾತ ನಕ್ಕ.

ಮೋನಿಕಾ ನಗಲಿಲ್ಲ.

ದೇವನಹಳ್ಳಿಯಲ್ಲಿ ರೈಲು ಟೀಗೆ ನಿಂತಿತು. ತಾತ ಬಜ್ಜಿ ತರಲು ಇಳಿದ. ವಾಪಸ್ ಬಂದು ನೋಡಿದರೆ ಮೋನಿಕಾ ಅವನ ಜಾಗದಲ್ಲಿ ಕೂತಿದ್ದಳು. ಕಿಟಕಿ ಸೀಟಿನ ಮೇಲೆ ಕೆಂಪು ಟವಲ್ ಅಗಲವಾಗಿ ಹಾಸಿತ್ತು.

"ಇದ್ಯಾರ್ದಮ್ಮ ಸೀಟು?"

"ಟವಲ್ ಯಾರದೋ ಅವರದು."

ಪ್ಲಾಟ್‌ಫಾರ್ಮಿನಿಂದ ನದೀಮ್ ಇಣುಕಿದ. "ಏನಮ್ಮಾ, ಮತ್ತೆ ರಿಸರ್ವೇಷನ್ನಾ?"

"ಹೂಂ ಕಣೋ. ಕನ್ಫರ್ಮ್ ಆಗಿದೆ, ಹೋಗೋ!"

ತಾತ ಹೊಸ ಅಳಿಯನಂತೆ ಸಂಕೋಚಪಡುತ್ತಾ ಕೂತ. ರೈಲು ಆವತಿ ದಾಟಿತು. ಒಮ್ಮೆಗೇ ಬೋಗಿಯ ತುಂಬ "ಬೆಟ್ಟ! ಬೆಟ್ಟ!" ಎಂಬ ಕೂಗೆದ್ದಿತು. ತಾತ ಎರಡೂ ಕೈಯಲ್ಲಿ ಕಂಬಿ ಹಿಡಿದು, ಮೂಗು ಹೊರಗೆ ಚಾಚಿ, ಇಡೀ ಕಿಟಕಿಗೆ ಅಡ್ಡವಾಗಿ ಕೂತುಬಿಟ್ಟ. ಕೈಯಲ್ಲಿದ್ದ ಬಜ್ಜಿ ಎಲ್ಲಿ ಬಿತ್ತೋ ಅವನಿಗೇ ಗೊತ್ತಾಗಲಿಲ್ಲ.

ಮೋನಿಕಾಗೆ ಕಂಡದ್ದು ತಾತನ ಬೆನ್ನು ಮಾತ್ರ. ತಲೆ ಬಗ್ಗಿಸು ಎಂದು ಅವಳು ಹೇಳಲಿಲ್ಲ.