ಒತ್ತಬಾರದ ಬೀಗ

"ಕೀಲಿಗೊಂಚಲು ತಗೊಳ್ಳಿ. ಯಾವ ಬಾಗಿಲು ಬೇಕಾದ್ರೂ ಹಾಕಿ, ತೆಗೀರಿ. ಆ ಬೀಗ ಮಾತ್ರ ಒತ್ಬೇಡಿ."

ಹಳೆಯ ಇಂಜಿನಿಯರ್ ಹೀಗೆಂದಾಗ ಹೊಸ ಇಂಜಿನಿಯರನಿಗೆ ನಗು ತಡೆಯಲಾಗಲಿಲ್ಲ. ಊರಾಚೆಯ ಆ ವಸತಿ ಯೋಜನೆಯಲ್ಲಿ ಕಟ್ಟಡಗಳೆಲ್ಲ ಎದ್ದು ನಿಂತಿದ್ದವು. ಬಣ್ಣ, ನಲ್ಲಿ, ರಸ್ತೆ ಇಷ್ಟೇ ಬಾಕಿ. ರಸ್ತೆ ಹೋಗಬೇಕಾದ ಕಡೆಯೇ, ಗೋಡೆಯೂ ಇಲ್ಲದೆ ಸೂರೂ ಇಲ್ಲದೆ, ಒಂದು ಹಳೆಯ ಬಾಗಿಲು ಚೌಕಟ್ಟಿನ ಸಮೇತ ನಿಂತಿತ್ತು. ಅದರ ಚಿಲಕದಲ್ಲಿ ಬಾಯಿ ಬಿಟ್ಟ ಹಿತ್ತಾಳೆಯ ಬೀಗವೊಂದು ನೇತಾಡುತ್ತಿತ್ತು. ಕೊಂಡಿಗೆ ನರೆಗೂದಲು ಬಿಗಿಯಾಗಿ ಸುತ್ತಿಕೊಂಡಿತ್ತು. ಹತ್ತಿರ ಹೋದರೆ ಸುಟ್ಟ ಕೂದಲಿನ ಕಮಟು.

"ಇಲ್ಲೊಬ್ಬಳು ಮುದುಕಿ ಇದ್ಲು. ಜಾಗ ಬಿಡಲ್ಲ ಅಂದ್ಲು," ಎಂದ ಹಳಬ, ತಗ್ಗಿದ ದನಿಯಲ್ಲಿ. "ನೀರಿಗೆ ಅಂತ ಹೊರಗೆ ಬಂದಾಗ ನಾನೇ ಇದೇ ಬೀಗ ಒತ್ತಿ, ಮನೆ ಕೆಡವೋ ಯಂತ್ರ ನುಗ್ಗಿಸ್ದೆ. ಒಳಗೆ ಗಂಡ ಇದಾನೆ, ಹಾಸಿಗೆ ಹಿಡಿದಿದಾನೆ ಅಂತ ಬಾಯಿ ಬಡ್ಕೊಂಡ್ಲು. ನಾಟಕ ಅಂದ್ಕೊಂಡೆ, ಆಗಿರ್ಲಿಲ್ಲ. ಆಮೇಲೆ ಅವಳು ತನ್ನ ಕೂದಲು ಕತ್ತರಿಸಿ ಬೀಗಕ್ಕೆ ಸುತ್ತಿ, ತುದಿಗೆ ಬೆಂಕಿ ತಾಗಿಸಿ, ಇಲ್ಲೇ ಕೂತು ಮಂತ್ರ ಹಾಕಿದ್ಲು. ಇದನ್ನ ಒತ್ತಿದ ಕೈಗೆ ಯಾವ ಬಾಗಿಲೂ ತೆರೀದೇ ಇರ್ಲಿ ಅಂದ್ಲು."

ಹಳಬ ಮೇಜು ಕುರ್ಚಿಯನ್ನು ಸುಡುಬಿಸಿಲಲ್ಲೇ ಹಾಕಿಕೊಂಡಿದ್ದ. ಕೆಲಸಗಾರರು ಅವನನ್ನು ನೋಡಿ ನೋಡಿ ಹೆದರಿ, ಚೌಕಟ್ಟನ್ನು ಕೀಳಲು ಒಪ್ಪುತ್ತಿರಲಿಲ್ಲ. ಅವರ ಭಯ ಬಿಡಿಸದೆ ರಸ್ತೆ ಆಗದು. ಹೊಸಬ ಎಲ್ಲರಿಗೂ ಕೇಳುವಂತೆ ಹೇಳಿದ: "ಬೀಗ ಇರೋದೇ ಒತ್ತೋಕೆ ಸಾರ್, ಮುತ್ತಿಡೋಕಲ್ಲ."

ಅವನ ಬೆರಳು ಹಿಡಿದು ನಿಂತಿದ್ದ ಮಗಳು ಜಗ್ಗಿದಳು. ತಾಯಿಯಿಲ್ಲದ ಮಗು, ಅವನು ಹೋದಲ್ಲೆಲ್ಲ ಅವಳೂ. "ಬೇಡಪ್ಪಾ. ಮಾಮ ಬೇಡ ಅಂದ್ರಲ್ಲ."

ಬೇಡವೆಂದದ್ದನ್ನೇ ಮಾಡುವ ಜಾಯಮಾನ ಅವನದು. ಒತ್ತಿದ. ಕಟಕ್.

ಹಳಬ ಧಡಕ್ಕನೆ ಎದ್ದು ಆಫೀಸಿನೊಳಗೆ ಹೋಗಿ ಬಾಗಿಲು ಹಾಕಿಕೊಂಡ. ತೆಗೆದ. ಮತ್ತೆ ಹಾಕಿದ, ಮತ್ತೆ ತೆಗೆದ. ಹೊರಬಂದಾಗ ಅವನ ಗಡ್ಡವೆಲ್ಲ ಕಣ್ಣೀರು. "ಬೇಡ ಅಂತ ಕೇಳಿಸ್ಕೊಂಡೂ ಒತ್ತಿದ ಕೈಗೇ ಅದು ದಾಟೋದು. ಅದಕ್ಕೇ ನಿಮಗೆ ಹೇಳ್ದೆ. ಇನ್ನೊಬ್ಬರು ಒತ್ತೋವರೆಗೂ ಇನ್ನು ನಿಮ್ಮದು. ಕ್ಷಮಿಸಿ." ಹೇಳಿದವನೇ ಬಸ್ಸು ಹಿಡಿದು ಹೋದ. ಹೊಸಬ ತಿರುಗಿ ನೋಡಿದರೆ ಬೀಗ ಮತ್ತೆ ಬಾಯಿ ಬಿಟ್ಟುಕೊಂಡು ನೇತಾಡುತ್ತಿತ್ತು.

ಅಂದು ಮಧ್ಯಾಹ್ನವೇ ಅವನು ಆಫೀಸಿನ ಶೌಚಾಲಯದಲ್ಲಿ ಸಿಕ್ಕಿಬಿದ್ದ. ಬಡಗಿ ಹೊರಗಿನಿಂದ ಒಂದೇ ಬೆರಳಲ್ಲಿ ಬಾಗಿಲು ತೆಗೆದ. "ಮರ ಉಬ್ಬಿದೆ ಕಣಯ್ಯಾ," ಎಂದ ಇಂಜಿನಿಯರ್. ಬಾಗಿಲು ಪ್ಲಾಸ್ಟಿಕ್ಕಿನದು.

ಭಾನುವಾರ ಸೈಟಿನಲ್ಲಿ ನರಪಿಳ್ಳೆಯಿಲ್ಲ. ನೆಲದಡಿಯ ಸಂಪಿನಲ್ಲಿ ಎಲ್ಲೋ ಸೋರಿಕೆ ಇದೆಯೆಂದು, ಮಗಳನ್ನು ಮೇಲೆ ಕೂರಿಸಿ ಇಂಜಿನಿಯರ್ ಏಣಿಯಿಳಿದ. ಒಳಗೆ ಹಸಿ ಸಿಮೆಂಟಿನ ವಾಸನೆ, ತನ್ನದೇ ಉಸಿರಿನ ಮಾರ್ದನಿ. ಗೋಡೆ ತಡವುತ್ತಿದ್ದಾಗ ಮೇಲೆ ಕಬ್ಬಿಣದ ಮುಚ್ಚಳ ತಾನಾಗಿ ಬಿತ್ತು. ಕಗ್ಗತ್ತಲು. ಕತ್ತಲೊಳಗೆ ಸುಟ್ಟ ಕೂದಲಿನ ಕಮಟು.

ಏಣಿ ಹತ್ತಿ ತಳ್ಳಿದ. ಒಂದು ಕೈಯಲ್ಲಿ ಎತ್ತಬಹುದಾದ ಮುಚ್ಚಳ ಬಂಡೆಯಾಗಿತ್ತು. ಹೆಗಲು ಕೊಟ್ಟ. ತಲೆ ಕೊಟ್ಟ. ಆಗ ಮೂಲೆಯ ಕೊಳವೆ ಗೊರಗೊರ ಎಂದಿತು. ನಗರಸಭೆಯವರು ನೀರು ಬಿಡುವುದಕ್ಕೆ ಹೊತ್ತಿಲ್ಲ ಗೊತ್ತಿಲ್ಲ. ಇಂದು, ಈಗ ಬಿಟ್ಟಿದ್ದರು.

"ಕಂದಾ! ಮುಚ್ಚಳ ಎತ್ತು!"

"ಆಗ್ತಿಲ್ಲಪ್ಪಾ. ಭಾರ."

"ವಾಲ್ವ್ ತಿರುಗ್ಸು! ಯಾರನ್ನಾದ್ರೂ ಕರಿ!"

"ತಿರುಗ್ತಿಲ್ಲ. ಯಾರೂ ಇಲ್ಲಪ್ಪಾ."

ನೀರು ಮೊಣಕಾಲಿಗೆ ಬಂತು. ಸೊಂಟಕ್ಕೆ. ಎದೆಗೆ. ಕೂಗಿ ಕೂಗಿ ಗಂಟಲು ಹರಿಯಿತು. ಉಗುರು ಕಿತ್ತವು. ನೀರು ಗದ್ದ ಮುಟ್ಟಿತು. ಮೂಗನ್ನು ಮುಚ್ಚಳಕ್ಕೆ ಒತ್ತಿ ಉಸಿರೆಳೆದ. ಸಾಯಲು ಅವನಿಗೆ ಇಷ್ಟವಿರಲಿಲ್ಲ. ಅದೊಂದೇ ಅವನ ತಲೆಯಲ್ಲಿತ್ತು.

"ಕಂದಾ... ಆ ಬೀಗ... ಹೋಗಿ ಒತ್ತು."

"ಮಾಮ ಬೇಡ ಅಂದ್ರಲ್ಲಪ್ಪಾ?"

"ನಾನು ಹೇಳ್ತಿದೀನಲ್ಲ. ಓಡು!"

ಪುಟ್ಟ ಕಾಲುಗಳ ಸದ್ದು ದೂರವಾಯಿತು. ನೀರು ಬಾಯಿಗೆ ಬಂತು. ಕಣ್ಣಿಗೆ. ಎಲ್ಲೋ ದೂರದಲ್ಲಿ, ಕಟಕ್. ಮುಚ್ಚಳ ಅವನ ಅಂಗೈ ತಾಗಿದ್ದೇ ತಡ ಹಾರಿ ಬಿತ್ತು.

ಅವನು ತೆವಳಿಕೊಂಡು ಚೌಕಟ್ಟಿನ ಹತ್ತಿರ ಹೋದ. ಮಗಳು ನಗುತ್ತಾ ನಿಂತಿದ್ದಳು. ಅಪ್ಪನನ್ನು ಉಳಿಸಿದ ಹೆಮ್ಮೆ. ಅವಳ ಅಂಗೈ ಮೂಸಿ ನೋಡಿದ. ಅದೇ ಕಮಟು. ಬೀಗ ಆಗಲೇ ಬಾಯಿ ಬಿಟ್ಟಿತ್ತು. ಹುಚ್ಚನಂತೆ ಒತ್ತಿದ, ಮತ್ತೆ ಮತ್ತೆ ಒತ್ತಿದ, ಹೆಬ್ಬೆರಳಿನಿಂದ ರಕ್ತ ಬರುವವರೆಗೂ. ಅದು ಕಚ್ಚಲೇ ಇಲ್ಲ. ಒಮ್ಮೆ ಬಿಟ್ಟ ಕೈಯನ್ನು ಅದು ಮತ್ತೆ ಹಿಡಿಯುವುದಿಲ್ಲವೆಂದು ಹಳಬ ಹೇಳಿರಲಿಲ್ಲ, ಅಥವಾ ಅವನಿಗೂ ಗೊತ್ತಿರಲಿಲ್ಲ.

ಆಮೇಲೆ ಅವನು ಮನೆಯ ಬಾಗಿಲುಗಳನ್ನೆಲ್ಲ ಕಿತ್ತು ಹಾಕಿದ. ಮಗಳು ಶಾಲೆಯಲ್ಲಿ ಜಗುಲಿಯ ಮೇಲೆ ಕೂತು ಪಾಠ ಕೇಳುತ್ತಾಳೆ. ಬಸ್ಸು ಹತ್ತುವುದಿಲ್ಲ. ನಿದ್ದೆಯಲ್ಲಿ ಗಾಳಿಗೆ ಕೈ ಚಾಚಿ ಏನನ್ನೋ ತಳ್ಳುತ್ತಾಳೆ. ಅವನು ಸುಡುಬಿಸಿಲಲ್ಲಿ ಮೇಜು ಹಾಕಿಕೊಂಡು, ಮಾತು ಕೇಳದ ಮೊಂಡನೊಬ್ಬನಿಗಾಗಿ ಕಾದ.

ಕೊನೆಗೂ ಬದಲಿಗೆ ಇನ್ನೊಬ್ಬ ಇಂಜಿನಿಯರ್ ಬಂದ. ಚಿಕ್ಕ ವಯಸ್ಸು, ಮಿರಿಮಿರಿ ಬೂಟು. ಮಗಳು ಅಪ್ಪನ ಬೆರಳು ಹಿಡಿದು ಉಸಿರು ಬಿಗಿಹಿಡಿದಳು. ಅಪ್ಪ ಮುದುಕಿಯ ಕತೆಯನ್ನೆಲ್ಲ ಹೇಳಿ ಮುಗಿಸಿದ: "ಆ ಬೀಗ ಮಾತ್ರ ಒತ್ಬೇಡಿ."

ಹುಡುಗ ನಗಲಿಲ್ಲ. ಬೀಗದಿಂದ ಎರಡು ಹೆಜ್ಜೆ ಹಿಂದೆ ಸರಿದ.

"ಹಿರಿಯರು ನೀವು ಹೇಳಿದ್ಮೇಲೆ ಮುಗೀತು ಸಾರ್. ನಾನಂತೂ ಮುಟ್ಟಲ್ಲ. ಬೇರೆ ಯಾರೂ ಮುಟ್ಬಾರದು. ರಸ್ತೆ ಪಕ್ಕಕ್ಕೆ ತಿರುಗಿಸಿ, ಇವತ್ತೇ ಇದರ ಸುತ್ತ ಕಾಂಕ್ರೀಟ್ ತುಂಬಿಸ್ತೀನಿ."

ಮಿಕ್ಸರ್ ಆಗಲೇ ತಿರುಗುತ್ತಿತ್ತು. ಮಗಳು ಮೆಲ್ಲಗೆ ಕೇಳಿದಳು, "ಅಪ್ಪಾ, ಈ ಮಾಮ ಒತ್ತಲ್ವಾ?"