ಐದನೇ ಕಟ್ಟಡದ ಗಾಳಿ

ಅವಳ ಹಿಮ್ಮಡಿ ನನ್ನ ಬೆರಳುಗಳ ಮೇಲೆ ಬಿತ್ತು!

ಕಬ್ಬಿಣದ ಏಣಿ. ಕಾಲ ಕೆಳಗೆ ನಾಲ್ಕು ಮಹಡಿಯಷ್ಟು ಆಳ. ತಲೆಯ ಮೇಲೆ ಕೂಲಿಂಗ್ ಟವರಿನ ದೈತ್ಯ ಫ್ಯಾನು. ಕೈ ಬಿಟ್ಟಿದ್ದರೆ ನಿಮಗೆ ಈ ಕತೆ ಹೇಳಲು ನಾನಿರುತ್ತಿರಲಿಲ್ಲ.

ಬಿಡಲಿಲ್ಲ. ಹಲ್ಲು ಕಚ್ಚಿ ಛಾವಣಿಗೆ ಹತ್ತಿದೆ. ಓಡುತ್ತಿದ್ದವಳ ಮಣಿಕಟ್ಟು ಹಿಡಿದು ತಿರುಚಿದೆ.

"ಲ್ಯಾಪ್‌ಟಾಪ್ ಕೊಡಿ ಮೇಡಂ!"

"ಕೊಡಲ್ಲ!"

ನನ್ನ ಕಸುಬು ಗೊತ್ತಲ್ಲ? ದೊಡ್ಡವರ ತಲೆನೋವು ವಾಸಿ ಮಾಡುವುದು. ಈ ಸಲದ ತಲೆನೋವು, ಕರೆಂಟು ಉಳಿಸುವ ಕಟ್ಟಡಗಳಿಗೆ ಕೊಡುವ 'ಹಸಿರು ಕಟ್ಟಡ' ಸರ್ಟಿಫಿಕೇಟು.

ಆಸ್ಪತ್ರೆಯ ಕ್ಯಾಂಪಸ್. ಐದು ಕಟ್ಟಡ, ಎಲ್ಲಕ್ಕೂ ಸೇರಿ ಒಂದೇ ಸರ್ಟಿಫಿಕೇಟು. ಅಲ್ಲಿನ ಎಂಜಿನಿಯರ್ ಈ ಮೇಡಂ ಐದನ್ನೂ ಕಂಪ್ಯೂಟರಿನೊಳಗೆ ಇನ್ನೊಮ್ಮೆ ಕಟ್ಟಿದ್ದಳು. ಎಷ್ಟು ಗಾಜು, ಎಷ್ಟು ಬಿಸಿಲು, ಎಷ್ಟು ಜನ... ಕೊನೆಗೆ ವರ್ಷಕ್ಕೆ ಎಷ್ಟು ಕರೆಂಟು! ಅದಕ್ಕೆ ಎನರ್ಜಿ ಮಾಡೆಲ್ ಎನ್ನುತ್ತಾರೆ. ನಾಲ್ಕು ಕಟ್ಟಡ ಸಲೀಸಾಗಿ ಪಾಸು. ಐದನೆಯದು ಲಾಂಡ್ರಿ. ಅಲ್ಲಿ ಹೊಗೆ ಹೊರಗೆಳೆಯಲು ಹಗಲೆಲ್ಲ ಓಡುವ ಎಕ್ಸಾಸ್ಟ್ ಫ್ಯಾನುಗಳು ಕರೆಂಟು ಕುಡಿದು ಉಳಿದ ನಾಲ್ಕರ ಹೆಸರನ್ನೂ ಕೆಡಿಸುತ್ತಿದ್ದವು.

ಆಸ್ಪತ್ರೆಯ ಯಜಮಾನರು ಗುಟ್ಟಾಗಿ ಮಾಡೆಲ್ ತಿದ್ದಿಸಿದರು. ಫ್ಯಾನುಗಳು ಅರ್ಧ ಹೊತ್ತು ಮಾತ್ರ ಓಡುತ್ತವೆ ಎಂದು! ಇವಳಿಗೆ ಗೊತ್ತಾಯಿತು. ಅಸಲಿ ಮಾಡೆಲ್ ಇದ್ದ ಲ್ಯಾಪ್‌ಟಾಪ್ ಎತ್ತಿಕೊಂಡು ಓಡಿದಳು. ನನಗೆ ಫೋನ್ ಬಂತು.

ಆದರೆ ಇವಳು ಓಡುತ್ತಿದ್ದುದು ಗೇಟಿನ ಕಡೆಗಲ್ಲ. ಛಾವಣಿ ದಾಟಿ ಲಾಂಡ್ರಿಯ ಕಡೆಗೆ!

"ಇವತ್ತು ಸರ್ಟಿಫಿಕೇಟ್ ಕೊಡೋ ಆಡಿಟರ್ ಬಂದು ಕರೆಂಟ್ ಮೀಟರ್ ನೋಡ್ತಾರೆ. ಮಾಡೆಲ್‌ಗೆ ತಾಳೆಯಾಗ್ಲಿ ಅಂತ ಫ್ಯಾನ್ ಆಫ್ ಮಾಡ್ಸಿದ್ದಾರೆ," ಅವಳು ಏದುಸಿರು ಬಿಟ್ಟಳು. "ಕಿಟಕಿಗಳೆಲ್ಲ ಸೀಲ್. ಒಳಗೆ ಕೆಮಿಕಲ್ ಹೊಗೆ! ಹೆಂಗಸರು ಕೆಲಸ ಮಾಡ್ತಿದ್ದಾರೆ ಕಣ್ರೀ!"

"ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ."

"ಲ್ಯಾಪ್‌ಟಾಪ್ ತಗೊಳ್ಳಿ! ಸ್ವಿಚ್ ಹಾಕಿ ಬರ್ತೀನಿ. ಆಮೇಲೆ ಎಲ್ಲಿಗೆ ಬೇಕಾದ್ರೂ ಎಳ್ಕೊಂಡು ಹೋಗಿ!"

ನನ್ನ ಅಕ್ಕನಿಗೂ ಅದೇ ಲಾಂಡ್ರಿಯಲ್ಲಿ ಕೆಲಸ. ಕೊಡಿಸಿದವನೇ ನಾನು. ಅವತ್ತು ಅವಳಿಗೆ ರಜೆ.

ಅದನ್ನೇ ನೆನೆದು ನೆಮ್ಮದಿಪಟ್ಟೆ. ಒಳಗಿರುವವರು ಬೇರೆ ಯಾರದೋ ಅಕ್ಕಂದಿರು ಎಂದು ನೆಮ್ಮದಿ!

ಅವಳನ್ನು ಯಜಮಾನರ ಕೋಣೆಗೆ ಎಳೆದು ತಂದೆ.

"ಭೇಷ್!" ಯಜಮಾನರು ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟು ನನ್ನ ಬೆನ್ನು ತಟ್ಟಿದರು.

ಆಗ ಹೊರಗೆ ಕಿರುಚಾಟ!

ಕಿಟಕಿಗೆ ಹೋದೆ. ಹುಲ್ಲಿನ ಮೇಲೆ ಹೆಂಗಸರನ್ನು ಹೊತ್ತು ತಂದು ಮಲಗಿಸುತ್ತಿದ್ದರು. ಮೂರನೆಯವಳ ಮುಖ ನೋಡಿದೆ.

ಅಕ್ಕ!

ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಸ್ವಿಚ್ ರೂಮಿನ ಮುಂದೆ ಗಾರ್ಡ್ ಅಡ್ಡ ನಿಂತ.

"ಸಾಹೇಬ್ರ ಆರ್ಡರ್! ಯಾರನ್ನೂ ಬಿಡಲ್ಲ!"

ಅವನ ಲಾಠಿ ನನ್ನ ಭುಜಕ್ಕೆ ಅಪ್ಪಳಿಸಿತು. ನನ್ನ ತಲೆ ಅವನ ಮೂಗು ಒಡೆಯಿತು. ಬಾಗಿಲಿಗೆ ಒದ್ದೆ, ಸ್ವಿಚ್ಚಿನ ಹಿಡಿ ಎತ್ತಿದೆ. ಫ್ಯಾನುಗಳು ನರಳಿ ತಿರುಗಿದವು. ಒಳಗಿದ್ದವರೆಲ್ಲ ಕೆಮ್ಮುತ್ತ, ಗೋಡೆ ಹಿಡಿಯುತ್ತ ಹೊರಬಂದರು. ಯಾರೂ ಸಾಯಲಿಲ್ಲ. ಅದು ನನ್ನ ಪುಣ್ಯವಂತೂ ಅಲ್ಲ.

ಆಡಿಟರ್ ಓಡಿ ಬಂದರು. ಹಿಂದೆಯೇ ಮೇಡಂ. ಗಲಾಟೆಯಲ್ಲಿ ಮೇಜಿನ ಮೇಲಿನ ಲ್ಯಾಪ್‌ಟಾಪ್ ಎತ್ತಿಕೊಂಡೇ ಬಂದಿದ್ದಳು. ಅಲ್ಲೇ ಆಡಿಟರ್ ಕೈಗಿತ್ತಳು. ಸರ್ಟಿಫಿಕೇಟಿನ ಕತೆ ಅಲ್ಲಿಗೆ ಮುಗಿಯಿತು.

ನಾನು ಹುಲ್ಲಿನ ಮೇಲೆ ಕೂತು ತಲೆ ಸವರುತ್ತಿದ್ದಾಗ ಅಕ್ಕ ಕಣ್ಣು ಬಿಟ್ಟಳು. ಫ್ಯಾನು ಹಾಕಿದವನು ನಾನೇ ಎಂದು ಪಕ್ಕದವಳು ಅವಳಿಗೆ ಹೇಳಿದಳು.

"ರಜಾ ಇತ್ತಲ್ಲಕ್ಕ ನಿಂಗೆ?"

"ಜೊತೆಯವಳ ಮಗೂಗೆ ಜ್ವರ. ಅವಳ ಬದ್ಲು ನಾನು ಬಂದೆ ಕಣೋ." ಅಕ್ಕ ಸುತ್ತಲಿನವರಿಗೆಲ್ಲ ತೋರಿಸಿದಳು. "ನೋಡ್ರೇ... ನನ್ ತಮ್ಮ! ನಮ್ಮನ್ನೆಲ್ಲ ಉಳಿಸ್ದೋನು!"

ಹೆಂಗಸರು ಕೈಮುಗಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮೇಡಂ ಅಲ್ಲೇ ಇದ್ದಳು. ಎಲ್ಲ ಕೇಳಿಸಿಕೊಂಡಳು. ಅಕ್ಕ ಅವಳ ಊದಿದ ಕೈ ನೋಡಿದಳು.

"ಅಯ್ಯೋ, ಕೈಗೇನಾಯ್ತಮ್ಮ?"

ಮೇಡಂ ನನ್ನನ್ನು ನೋಡಿದಳು.

"ಬಾಗಿಲಿಗೆ ಸಿಕ್ಕಾಕ್ಕೊಂಡಿತ್ತು."

"ಯಾವ ದರಿದ್ರ ಬಾಗಿಲಮ್ಮ ಅದು!" ಅಕ್ಕ ನನ್ನ ಕಡೆ ತಿರುಗಿದಳು. "ಲೋ, ಮೊದ್ಲು ಅದನ್ನ ಕಿತ್ತು ಬಿಸಾಕೋ!"

"ಆಯ್ತಕ್ಕ," ಎಂದೆ. ಆ ಬಾಗಿಲೇ ಅಕ್ಕನ ತಲೆ ಸವರುತ್ತ ಕೂತಿದೆ ಎನ್ನಲು ಬಾಯಿ ಬರಲಿಲ್ಲ!