ಕೈ ಬೀಸಿದ್ದು ಸಿಗ್ನಲ್ ಅಲ್ಲ

ನಮ್ಮ ಮೊದಲ ಭೇಟಿಯೇ ಜಗಳದಿಂದ ಶುರುವಾಯಿತು. ಬಡಾವಣೆಯ ಸಭೆಗೆ ಬಂದಿದ್ದ ಹೊಸ ಟ್ರಾಫಿಕ್ ಇನ್ಸ್‌ಪೆಕ್ಟರ್ ಗೋಡೆಯ ಮೇಲಿನ ನಕ್ಷೆಯನ್ನು ಕಣ್ಣು ಕಿರಿದು ಮಾಡಿ ನೋಡುತ್ತ, ಆಸ್ಪತ್ರೆ ಸರ್ಕಲ್‌ನಲ್ಲಿ ಬಲಕ್ಕೆ ತಿರುಗುವುದನ್ನು ಪ್ರಯೋಗಕ್ಕೆಂದು ಒಂದು ತಿಂಗಳು ನಿಲ್ಲಿಸುತ್ತೇವೆ ಎಂದರು. ನಾನು ಎದ್ದು ನಿಂತೆ.

“ಸರ್, ಮೊದಲು ಆ ನಕ್ಷೆ ನಿಮಗೆ ಕಾಣಿಸ್ತಿದೆಯಾ?”

ಸಭೆ ಗೊಳ್ಳೆಂದು ನಕ್ಕಿತು. ನನ್ನದು ಕನ್ನಡಕದ ಅಂಗಡಿ. ದೂರದ್ದು ಮಂಜಾಗಿ ಕಾಣುವವರು ಯಾರೆಂದು ನನಗೆ ಥಟ್ಟನೆ ತಿಳಿಯುತ್ತದೆ.

“ಕಾಣಿಸ್ತಿದೆ ಮೇಡಂ. ನೀವೂ ಕಾಣಿಸ್ತಿದ್ದೀರಿ. ಇಷ್ಟು ಚೆನ್ನಾಗಿ ಮಾತಾಡೋರು ರಸ್ತೆಗೂ ಇಳಿದ್ರೆ ನಮಗೂ ಸಹಾಯ ಆಗುತ್ತೆ.”

“ಇಳೀತೀನಿ ಬಿಡಿ. ಅದಕ್ಕೇನಂತೆ!”

ಬಾಯಿ ಜೋರಿತ್ತು ನಿಜ, ಆದರೆ ಆ ಸರ್ಕಲ್ ಎಂದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ಹೋದ ವರ್ಷ ಅಪ್ಪನಿಗೆ ಲಕ್ವ ಹೊಡೆದಾಗ ಆಂಬ್ಯುಲೆನ್ಸ್ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು. ಆಸ್ಪತ್ರೆಯ ಬೋರ್ಡು ಕಣ್ಣಿಗೆ ಕಾಣುತ್ತಿತ್ತು, ಗಾಡಿ ಮಾತ್ರ ಕದಲಲಿಲ್ಲ. ಅಪ್ಪ ಉಳಿದರು. ಅವರ ಎಡಗೈ ಮತ್ತೆ ಮೇಲೇಳಲಿಲ್ಲ.

ಹೀಗೆ ನಾನು ಸ್ವಯಂಸೇವಕರ ಕಿತ್ತಳೆ ಜಾಕೆಟ್ ತೊಟ್ಟು ಆಸ್ಪತ್ರೆ ರಸ್ತೆಯ ತಿರುವಿನಲ್ಲಿ ನಿಂತೆ. ಸರ್ಕಲ್ ನಡುವೆ ಇನ್ಸ್‌ಪೆಕ್ಟರ್. ಬಸ್ ಡಿಪೋ ಕಡೆ ಒಬ್ಬ ಕಾನ್‌ಸ್ಟೇಬಲ್, ಜೊತೆಗೆ ನಮ್ಮ ಬೀದಿಯ ನಿವೃತ್ತ ಗಣಿತದ ಮೇಷ್ಟ್ರು. ಇನ್ಸ್‌ಪೆಕ್ಟರ್ ನಿಂತಲ್ಲಿಗೆ ನನ್ನ ರಸ್ತೆಯ ಗಾಡಿಗಳು ಕಾಣುತ್ತಿರಲಿಲ್ಲ, ನಾನೊಬ್ಬಳೇ ಕಾಣುತ್ತಿದ್ದೆ. ಹಾರ್ನ್ ಗದ್ದಲದಲ್ಲಿ ವಾಕಿಟಾಕಿಯ ಮಾತು ಕೇಳುವುದು ಅಷ್ಟಕ್ಕಷ್ಟೇ. ಅದಕ್ಕೇ ಒಂದು ಒಪ್ಪಂದವಾಗಿತ್ತು: ನನ್ನ ಕಡೆ ಗಾಡಿ ನಿಲ್ಲಿಸಿದ ಮೇಲೆ ನಾನು ಬಲಗೈ ಎತ್ತಿ ಬೀಸಬೇಕು. ಆಗ ಅವರು ಮುಖ್ಯರಸ್ತೆಯ ಗಾಡಿಗಳನ್ನು ಬಿಡಬೇಕು.

“ಮೇಡಂ, ರಸ್ತೆ ನೋಡಿ, ನನ್ನನ್ನಲ್ಲ!” ಎಂದು ಅಲ್ಲಿಂದಲೇ ಕೂಗುತ್ತಿದ್ದರು.

“ನಿಮ್ಮಲ್ಲಿ ನೋಡೋಕೇನಿದೆ ಸರ್?” ಎಂದು ನಾನೂ ಕೂಗುತ್ತಿದ್ದೆ. ಇತ್ತು. ಬಿಸಿಲಿಗೆ ಕೆಂಪಾದ ಆ ಮುಖ, ಮುದುಕಿಯೊಬ್ಬಳು ದಾಟುವವರೆಗೂ ಇಡೀ ರಸ್ತೆಯನ್ನು ಹಿಡಿದು ನಿಲ್ಲಿಸುವ ಆ ಕೈ, ಎಲ್ಲವೂ ಇತ್ತು.

ಒಂದು ಮಧ್ಯಾಹ್ನ ಅವರು ನನ್ನ ಅಂಗಡಿಗೇ ಬಂದರು. ಕಣ್ಣು ಪರೀಕ್ಷಿಸಿ ಫ್ರೇಮ್ ಸರಿಮಾಡುವಾಗ ನನ್ನ ಬೆರಳು ಅವರ ಕಿವಿಗೆ ತಾಗಿತು. ಅದನ್ನು ತೆಗೆಯುವುದು ಮರೆತೇಹೋಯಿತು. ಮೂಲೆಯಲ್ಲಿ ಕೂತ ಅಪ್ಪ ಬೇಕೆಂದೇ ಕೆಮ್ಮಿದರು.

“ಇದನ್ನ ಹಾಕ್ಕೊಂಡು ಹೋದ್ರೆ ನಮ್ಮ ಸ್ಟೇಷನ್ ಹುಡುಗರು ನಗ್ತಾರೆ.”

“ನಗಲಿ. ನಾನು ನಗಲ್ಲ.”

ಅವರು ಕನ್ನಡಕವನ್ನು ಜೇಬಿಗಿಟ್ಟುಕೊಂಡು ಹೋದರು. ಆಮೇಲೆ ಒಂದು ದಿನವೂ ಹಾಕಲಿಲ್ಲ. ನನಗೆ ಒಳಗೊಳಗೇ ಉರಿಯುತ್ತಿತ್ತು.

ಪ್ರಯೋಗದ ಕೊನೆಯ ಬೆಳಿಗ್ಗೆ ಇನ್ಸ್‌ಪೆಕ್ಟರ ಮೇಲಧಿಕಾರಿ, ದೊಡ್ಡ ಸಾಹೇಬರು, ನೋಡಲು ಬಂದರು. ಅವರು ಹೂಂ ಎಂದರೆ ಈ ವ್ಯವಸ್ಥೆ ಉಳಿಯುತ್ತದೆ, ಇಲ್ಲವಾದರೆ ಸರ್ಕಲ್ ಮತ್ತೆ ಹಳೆಯ ನರಕ. ಆಸ್ಪತ್ರೆ ಕಡೆಯಿಂದ ಗಾಡಿಗಳು ಒಂದೇ ಸಮನೆ ಬರುತ್ತಿದ್ದವು. ಆಗ ಇನ್ಸ್‌ಪೆಕ್ಟರ್ ಜೇಬಿಗೆ ಕೈಹಾಕಿ ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಂಡು ನೆಟ್ಟಗೆ ನನ್ನತ್ತ ತಿರುಗಿದರು. ಇಷ್ಟು ದಿನ ಮಂಜಾಗಿದ್ದ ನನ್ನ ಮುಖ ಅವರಿಗೆ ಆಗ ಸ್ಪಷ್ಟವಾಗಿ ಕಂಡಿತೆಂದು ನನಗೆ ಗೊತ್ತಾಯಿತು, ಏಕೆಂದರೆ ಅವರು ನಕ್ಕರು.

ನನ್ನ ಬಲಗೈ ತಾನಾಗಿ ಮೇಲೆ ಹೋಯಿತು. ಬೀಸಿದೆ.

ಅವರು ತಕ್ಷಣ ಮುಖ್ಯರಸ್ತೆ ಬಿಟ್ಟರು.

ಎರಡೂ ಕಡೆಯ ಗಾಡಿಗಳು ಸರ್ಕಲ್ ನಡುವೆ ಮುಖಾಮುಖಿಯಾದವು. ಬಸ್ಸಿನ ಮೂತಿಗೆ ವ್ಯಾನು, ಹಿಂದೆ ಲಾರಿ, ಸಂದಿಯಲ್ಲೆಲ್ಲ ಬೈಕುಗಳು. ಅಷ್ಟರಲ್ಲೇ ದೂರದಿಂದ ಸೈರನ್ ಕೇಳಿಸಿತು. ನನ್ನ ಕಾಲು ನೆಲಕ್ಕೆ ಕಚ್ಚಿಕೊಂಡಿತು. ಅಪ್ಪ ಮಲಗಿದ್ದ ಆ ಗಾಡಿಯೊಳಗೇ ಮತ್ತೆ ಕೂತಂತಾಯಿತು.

“ಮೇಡಂ! ಲಾರಿ ಹಿಂದಕ್ಕೆ ತೆಗೆಸಿ!”

ಆ ದನಿಗೆ ಎಚ್ಚೆತ್ತು ಓಡಿದೆ. ಲಾರಿಯ ಬಾಗಿಲು ಬಡಿದೆ, ಬೈಕಿನವರನ್ನು ಬೈದು ಫುಟ್‌ಪಾತ್ ಹತ್ತಿಸಿದೆ. ಡಿಪೋ ಕಡೆಯಿಂದ ಓಡಿಬಂದ ಮೇಷ್ಟ್ರು ವ್ಯಾನಿನವನನ್ನು ಪಾಠ ಒಪ್ಪಿಸದ ಹುಡುಗನಂತೆ ಗದರಿಸಿದರು. ಇನ್ಸ್‌ಪೆಕ್ಟರ್ ಬಸ್ಸಿಗೆ ಹೆಗಲು ಕೊಟ್ಟವರಂತೆ ಅದರ ಪಕ್ಕದಲ್ಲೇ ನಡೆದು ಹಿಂದೆ ಸರಿಸಿದರು. ನಡುವೆ ಒಂದು ಓಣಿಯಷ್ಟು ಜಾಗ ಬಿಡಿಸಿಕೊಂಡಿತು. ಆಂಬ್ಯುಲೆನ್ಸ್ ನುಸುಳಿ ಆಸ್ಪತ್ರೆಯ ಗೇಟು ದಾಟಿದಾಗ ನಾನು ಅಲ್ಲೇ ಕುಕ್ಕರಿಸಿದೆ.

ದೊಡ್ಡ ಸಾಹೇಬರ ಮುಖ ಗಂಟಿಕ್ಕಿತ್ತು. “ಏನ್ರೀ ಇದು?”

“ನನ್ನ ತಪ್ಪು ಸರ್. ಸನ್ನೆ ಬರೋ ಮೊದಲೇ ಬಿಟ್ಟುಬಿಟ್ಟೆ,” ಎಂದರು ಇನ್ಸ್‌ಪೆಕ್ಟರ್.

“ನೀವೇ ತಪ್ಪಿದ್ರೆ ನಾಳೆ ಬೇರೆಯವರು ಏನ್ ಮಾಡ್ತಾರೆ? ಇದು ಆಗೋ ಹೋಗೋ ಕೆಲಸ ಅಲ್ಲ. ಎಲ್ಲ ತೆಗೆಸಿಬಿಡಿ.”

ಇನ್ಸ್‌ಪೆಕ್ಟರ್ ನನ್ನನ್ನು ಕಾಪಾಡಲು ಸುಳ್ಳು ಹೇಳುತ್ತಿದ್ದರು. ಆ ಸುಳ್ಳಿಗೆ ನಮ್ಮ ಸರ್ಕಲ್ ಬಲಿಯಾಗುತ್ತಿತ್ತು.

“ಅವರು ತಪ್ಪು ಮಾಡಿಲ್ಲ ಸರ್,” ಎಂದೆ. “ಕೈ ಬೀಸಿದ್ದು ನಾನು. ಆದ್ರೆ ಅದು ಸಿಗ್ನಲ್ ಅಲ್ಲ.”

“ಮತ್ತೆ ಯಾಕ್ರೀ ಬೀಸಿದ್ರಿ?”

ಸುತ್ತ ಅರ್ಧ ಬಡಾವಣೆ ನಿಂತಿತ್ತು. ನಾಚಿಕೆಯಿಂದ ಸಾಯುವಂತಾಗಿತ್ತು, ಆದರೂ ಹೇಳಿದೆ. “ಇವರು ನಾನು ಮಾಡಿಕೊಟ್ಟ ಕನ್ನಡಕ ಹಾಕ್ಕೊಂಡು ನನ್ನ ನೋಡಿ ನಕ್ಕರು. ಖುಷಿಗೆ ಕೈ ಎದ್ದೋಯ್ತು. ನನಗೆ ಇವರು ಇಷ್ಟ ಸರ್. ಅದು ನನ್ನ ತಪ್ಪು, ರಸ್ತೇದಲ್ಲ.”

ಮೇಷ್ಟ್ರು ಗಾಬರಿಯಲ್ಲಿ ವಾಕಿಟಾಕಿಯ ಗುಂಡಿ ಒತ್ತಿಕೊಂಡೇ ನಿಂತಿದ್ದರೆಂದು ಗೊತ್ತಾಗಿದ್ದು ಅವರು ಬೆರಳು ತೆಗೆದ ಮೇಲೆ. ಡಿಪೋ ಕಡೆಯ ಕಾನ್‌ಸ್ಟೇಬಲ್ ದನಿ ಬಂತು. “ಸರ್, ಇಲ್ಲಿ ಎಲ್ಲ ಕ್ಲಿಯರ್. ಮೇಡಂಗೆ ಏನಾದ್ರೂ ಉತ್ತರ ಕೊಡಿ ಸರ್.”

ದೊಡ್ಡ ಸಾಹೇಬರ ತುಟಿ ಅದುರಿತು. ನಗು ನುಂಗಿಕೊಂಡು ಗಂಟಲು ಸರಿಮಾಡಿದರು. “ಕೈಗಳನ್ನ ನಂಬೋಕಾಗಲ್ಲ. ಇವರಿಗೆ ಬಾವುಟ ಕೊಡ್ರೀ. ಇನ್ನೂ ಒಂದು ತಿಂಗಳು ನಡೀಲಿ, ನೋಡೋಣ.”

ಅವರ ಜೀಪು ಹೋದ ಮೇಲೆ ಇನ್ಸ್‌ಪೆಕ್ಟರ್ ನನ್ನ ಬಳಿ ಬಂದರು. ಕನ್ನಡಕ ಮೂಗಿನ ಮೇಲಿಂದ ಜಾರಿತ್ತು. ಸರಿಮಾಡಲು ಹೋದ ಕೈಯನ್ನು ನಾನು ಹಿಂದಕ್ಕೆ ಕಟ್ಟಿಕೊಂಡೆ.

“ಸಂಜೆ ಅಂಗಡೀಲಿ ಅಪ್ಪ ಇರ್ತಾರಾ?”

“ಇರ್ತಾರೆ. ಯಾಕೆ?”

“ಅವರನ್ನ ಕೇಳೋದಿದೆ. ನಿಮ್ಮನ್ನ ಕೇಳೋದಂತೂ ಏನೂ ಉಳೀಲಿಲ್ಲ, ಊರಿಗೆಲ್ಲ ಹೇಳಿಬಿಟ್ರಿ.”

“ನೀವಿನ್ನೂ ಏನೂ ಹೇಳಿಲ್ಲ!”

“ಡ್ಯೂಟಿಲಿದ್ದೀನಿ ಮೇಡಂ,” ಎಂದು ಹೊರಟೇಬಿಟ್ಟರು.

ಸಂಜೆ ಅಪ್ಪ ತಮ್ಮ ಗಟ್ಟಿ ಕೈಯಿಂದ ಅವರ ಕೈ ಹಿಡಿದರು. ತುಂಬ ಹೊತ್ತು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮಿಬ್ಬರ ಕೈಯಲ್ಲೂ ಹೊಸ ಬಾವುಟಗಳಿದ್ದವು. ಆಸ್ಪತ್ರೆ ರಸ್ತೆ ತುಂಬಿ ಬರುತ್ತಿತ್ತು. ಸರ್ಕಲ್ ನಡುವೆ ಅವರು ಬಾವುಟವನ್ನು ಕಂಕುಳಲ್ಲಿ ಇರುಕಿಕೊಂಡು, ಕನ್ನಡಕ ಸರಿಮಾಡಿಕೊಂಡು, ಬರಿಗೈಯನ್ನು ಎತ್ತಿ ನನ್ನತ್ತ ಬೀಸಿದರು.

ಮುಖ್ಯರಸ್ತೆಯಲ್ಲಿ ಒಂದು ಗಾಡಿಯೂ ಕದಲಲಿಲ್ಲ. ನಾನೂ ಕೈ ಎತ್ತಿದೆ.